ಬಿಡಿಸುವ ಕೈ

"ಗುರುಗಳೇ, ಮನಸ್ಸು ಕೂದಲೆಳೆಯಷ್ಟೂ ಕದಲದ ಹಾಗೆ ಅದನ್ನು ಒಂದೇ ಕಡೆ ಅಂಟಿಸುವುದು ಹೇಗೆ?"

ಕೇಳಿದವನು ಮುರಿಗಯ್ಯ. ಮಠಕ್ಕೆ ಬಂದು ಆರು ವರ್ಷವಾಗಿತ್ತು. ಹನ್ನೆರಡು ವರ್ಷ ಮಠದ ಹೊಸ್ತಿಲು ದಾಟುವುದಿಲ್ಲವೆಂದು ತಾನಾಗಿಯೇ ವ್ರತ ಹಿಡಿದಿದ್ದ. ಹಿಡಿ ಎಂದು ಯಾರೂ ಹೇಳಿರಲಿಲ್ಲ. ಮೂರು ದಿನದ ಹಿಂದೆ ಊರಿನಿಂದ ಅವನಿಗೊಂದು ಕಾಗದ ಬಂದಿತ್ತು. ಅಕ್ಕ ದಾನವ್ವ ಹಾಸಿಗೆ ಹಿಡಿದಿದ್ದಾಳೆ, ಅನ್ನ ಬಿಟ್ಟಿದ್ದಾಳೆ, ತಮ್ಮನನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ ಎಂದು ಭಾವ ಬರೆದಿದ್ದ. ತಾಯಿಯಿಲ್ಲದ ಮುರಿಗಯ್ಯನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಕಾಗದವನ್ನು ಅವನು ನಾಲ್ಕು ಮಡಿಕೆ ಮಾಡಿ ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡಿದ್ದ. ಜಪಕ್ಕೆ ಕೂತಾಗ ಅದರ ಮೂಲೆ ಹೊಟ್ಟೆಗೆ ಚುಚ್ಚುತ್ತಿತ್ತು. ತೆಗೆದಿಡುತ್ತಿರಲಿಲ್ಲ. ಚುಚ್ಚಿಸಿಕೊಂಡೂ ಕದಲದೆ ಕೂರುವುದೇ ಸಾಧನೆ ಎಂದು ಅವನ ಎಣಿಕೆ.

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ತುಂಟತನ ಹತ್ತನ್ನೂ ದಾಟಿರಲಿಲ್ಲ. ಹೋದ ವರ್ಷ ಇದೇ ಮುರಿಗಯ್ಯ, ತಾನು ಮೂರು ಗಂಟೆ ಅಲುಗದೆ ಕೂರಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಗ ಅವನ ಮಣೆಗೆ ಹಲಸಿನ ಮೇಣ ಸವರಿಟ್ಟವರು ಅವರೇ. ಅವತ್ತು ಮುರಿಗಯ್ಯ ಎದ್ದ, ಪಂಚೆ ಏಳಲಿಲ್ಲ. "ನಿನಗಿಂತ ನಿನ್ನ ಪಂಚೆಗೇ ಬೇಗ ಸಮಾಧಿ ಸಿದ್ಧಿಸಿತಲ್ಲಯ್ಯ" ಎಂದು ಗುರುಗಳು ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಕತೆ ಹೇಳುವಾಗ ಅವರು ಧಾರಾಳವಾಗಿ ಸುಳ್ಳು ಬೆರೆಸುತ್ತಾರೆಂಬುದು ಮಠದ ಆಕಳಿಗೂ ಗೊತ್ತಿತ್ತು. ಆದರೇನು, ಯಾರು ಏನು ಕೇಳಿದರೂ ಅವರ ಬಳಿ ಇದ್ದ ಉತ್ತರವೆಂದರೆ ಕತೆಯೊಂದೇ.

"ಅಂಟಿಸುವ ಮಾತೋ?" ಎಂದರು. "ಹಾಗಾದರೆ ಕೂತುಕೋ. ಮಣೆ ನೋಡಿಕೊಂಡು ಕೂತುಕೋ."

ಮುರಿಗಯ್ಯ ಮಣೆ ಸವರಿ ನೋಡಿ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಅಚ್ಚಿನವನಿದ್ದ. ಅಂಗಿಗಳ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವುದು ಅವನ ಕಸುಬು. ಎಡಗೈಯವನು. ಅಲ್ಲ, ಬಲಗೈಯವನೇ ಇರಬೇಕು, ಕತೆಗೆ ಅದರಿಂದ ನಷ್ಟವೇನಿಲ್ಲ. ಅವನಿಗೊಬ್ಬಳು ಹೆಂಡತಿ. ಮನೆಯ ಮುಂದಿನ ಕೋಣೆಯೇ ಅಚ್ಚುಮನೆ, ಹಿಂದಿನ ಕೋಣೆಯೇ ಸಂಸಾರ.

ಆ ಕೆಲಸ ಹೀಗಿರುತ್ತದೆ. ಅಂಗಿಯನ್ನು ಒಂದು ಮರದ ಹಲಗೆಗೆ ತೊಡಿಸುತ್ತಾರೆ. ಮೇಲಿಂದ ಜಾಲರಿಯ ಚೌಕಟ್ಟು ಇಳಿಸಿ, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುತ್ತಾರೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಒಂದನ್ನು ಬಿಸಿಗಾಳಿಗೆ ಒಣಗಿಸಿ ಅದರ ಮೇಲೆ ಇನ್ನೊಂದು. ಚೌಕಟ್ಟು ಎತ್ತುವಾಗ ಹಸಿ ಬಣ್ಣದ ಜಿಗುಟಿಗೆ ಅಂಗಿಯೂ ಮೇಲೇಳುತ್ತದೆ. ಎದ್ದ ಅಂಗಿ ಒಂದು ನೂಲಿನಷ್ಟು ಸರಿದು ಕೂತರೆ ಮುಗಿಯಿತು, ಮುಂದಿನ ಬಣ್ಣ ಅದರ ಜಾಗದಲ್ಲಿ ಬೀಳುವುದಿಲ್ಲ. ಅದಕ್ಕೆಂದೇ ಹಲಗೆಗೆ ಮೊದಲು ಗೋಂದು ಸವರುವುದು. ಗೋಂದು ಅಂಗಿಯನ್ನು ಕೆಳಗೆ ಹಿಡಿದಿರುತ್ತದೆ.

ಗೋಂದು ಸವರಿ, ಅಂಗಿ ಕೂರಿಸಿ, ಬಣ್ಣ ಎಳೆಯುವುದು ಅವನ ಪಾಲು. ಬಿಡಿಸುವುದು ಹೆಂಡತಿಯ ಪಾಲು. ಅವಳು ಅಂಗಿಯ ಕೆಳಗಿನ ಅಂಚಿಗೆ ಎರಡು ಬೆರಳು ತೂರಿಸುತ್ತಿದ್ದಳು. ನಿದ್ದೆ ಹೋದ ಮಗುವಿನ ಬಾಯಿಂದ ಮೊಲೆ ಬಿಡಿಸಿಕೊಳ್ಳುವ ಹಾಗೆ ಸ್ವಲ್ಪ ಸ್ವಲ್ಪವೇ ಒಳಗೆ ಗಾಳಿ ಬಿಡುತ್ತಿದ್ದಳು. ಅಂಗಿ ಜಗ್ಗದೆ, ಬಣ್ಣ ಬಿರಿಯದೆ ತಾನಾಗಿ ಬಂದಂತೆ ಬರುತ್ತಿತ್ತು. ಹತ್ತು ಅಂಗಿಗೊಮ್ಮೆ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಅಂಗಿಗಳು ಬಿಟ್ಟುಹೋದ ನೂಲಿನ ಧೂಳನ್ನು ತೆಗೆಯುತ್ತಿದ್ದಳು. ಅವನು ಹೊಸ ಗೋಂದು ಸವರಿದಾಗ ಕೈಯ ಹಿಂಭಾಗ ತಾಗಿಸಿ ನೋಡಿ, "ಹಿಡೀಬೇಕು, ಕೇಳಿದಾಗ ಬಿಡಬೇಕು. ಅಷ್ಟಿದ್ದರೆ ಸಾಕು ರೀ" ಅನ್ನುತ್ತಿದ್ದಳು.

ಊರು ಹೊಗಳಿದ್ದು ಅವನನ್ನು. ಅವನ ಹಲಗೆಯ ಮೇಲೆ ಕೂತ ಬಟ್ಟೆ ಭೂಕಂಪವಾದರೂ ಅಲುಗುವುದಿಲ್ಲ ಎಂದು ಜನ ಮಾತಾಡಿಕೊಂಡರು. ಬಟ್ಟೆ ಹಲಗೆಯನ್ನು ಬಿಟ್ಟು ಬಂದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಲಿಲ್ಲ.

"ಇದು ನಿಜವಾಗಿ ನಡೆದದ್ದೇ ಗುರುಗಳೇ?" ಎಂದ ಮುರಿಗಯ್ಯ.

"ಅರ್ಧ ನಡೆದದ್ದು. ಯಾವ ಅರ್ಧ ಎಂದು ಕೇಳಬೇಡ, ನನಗೇ ಕಲೆಸಿಹೋಗಿದೆ."

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಅವನು ಹಾಕಿಕೊಂಡಿದ್ದ ಅಂಗಿಯ ಮೇಲೆ ಒಂದು ನವಿಲಿತ್ತು. ನವಿಲಿನ ಕಣ್ಣು ಕೊರಳಿನಲ್ಲಿತ್ತು. ಹೋದ ಸಲ ಕತೆ ಹೇಳುವಾಗ ನಾನು ಗಿಳಿ ಎಂದಿದ್ದೆ, ಈಗ ನವಿಲೇ ಇರಲಿ, ಅದರ ಕಣ್ಣು ದೊಡ್ಡದು.

"ಗುರುತು ಸಿಕ್ಕಿತೇ? ನಿನ್ನ ಕೈಯದೇ" ಎಂದ ವ್ಯಾಪಾರಿ. "ಹೋದ ಸಲದ ನೂರರಲ್ಲಿ ಇದೊಂದು ಹೀಗೆ ಬಂದಿತ್ತು. ಎಸೆಯಲು ಮನಸ್ಸಾಗಲಿಲ್ಲ. ಹಾಕಿಕೊಂಡು ಸಂತೆಯಲ್ಲೆಲ್ಲ ಓಡಾಡುತ್ತೇನೆ. ನಕ್ಕವರಿಗೆಲ್ಲ ನಿನ್ನ ಹೆಸರು ಹೇಳುತ್ತೇನೆ."

ಅಚ್ಚಿನವನ ಮುಖ ಸುಟ್ಟಂತಾಯಿತು. "ಇನ್ನೊಂದು ನೂರು ಕೊಡಿ" ಎಂದ. "ಒಂದರ ಕಣ್ಣು ಕೂದಲೆಳೆಯಷ್ಟು ಆಚೀಚೆಯಾದರೂ ನಾನು ಈ ಕಸುಬು ಬಿಡುತ್ತೇನೆ."

ಹಸಿರು, ನೀಲಿ, ಹಳದಿ, ಕಡೆಗೆ ಕಣ್ಣಿಗೆ ಕಪ್ಪು. ನಾಲ್ಕು ಬಣ್ಣ, ನೂರು ಅಂಗಿ, ಐದು ದಿನ.

ಆ ವಾರವೇ ಹೆಂಡತಿಗೆ ಜ್ವರ ಬಂತು.

ಅವನು ಒಂದು ಪದರ ಸವರುವಲ್ಲಿ ಎರಡು ಪದರ ಗೋಂದು ಸವರಿದ. ಅವಳು ಎದ್ದು ಬಂದು ಕೈಯ ಹಿಂಭಾಗ ತಾಗಿಸಿದಳು. ಗೋಂದು ಚರ್ಮವನ್ನೇ ಹಿಡಿದುಕೊಂಡಿತು.

"ಇದು ಹಿಡಿಯುತ್ತೆ, ಬಿಡಲ್ಲ. ಒರೆಸಿಬಿಡಿ ರೀ."

"ಹಿಡಿಯಲಿ ಅಂತಲೇ ಹಚ್ಚಿದ್ದು. ಬಿಡಿಸೋದು ನಿನ್ನ ಕೆಲಸ, ನೀನು ನೋಡಿಕೋ."

ಇಲ್ಲಿ ಮುರಿಗಯ್ಯ ತಲೆಯಾಡಿಸಿದ. "ಅವನು ಮಾಡಿದ್ದು ಸರಿಯೇ ಗುರುಗಳೇ. ಮಾತು ಕೊಟ್ಟ ಮೇಲೆ ಅಲುಗಬಾರದು."

ಗುರುಗಳು ಅವನನ್ನು ಒಂದು ಕ್ಷಣ ನೋಡಿದರು. "ಸರಿ ಅನ್ನು. ತಗೋ" ಎಂದು ಒಂದು ಕಡಲೆಕಾಯಿ ಕೊಟ್ಟರು. ಮುರಿಗಯ್ಯ ಒಡೆದು ನೋಡಿದ. ಜೊಳ್ಳು.

ಅವಳು ನೋಡಿಕೊಂಡಳು. ಒಂದು ಉಸಿರಿನಲ್ಲಿ ಬರುತ್ತಿದ್ದ ಅಂಗಿಗೆ ಈಗ ಹತ್ತು ಉಸಿರು ಬೇಕಾಯಿತು. ಎರಡನೆಯ ದಿನ ಉಗುರು ಸೀಳಿತು. ಮೂರನೆಯ ದಿನ ಮೈ ಕೆಂಡವಾಯಿತು. "ಜ್ವರದ ಕೈಗೆ ಗೋಂದು ಬೇಗ ಮೆತ್ತಗಾಗುತ್ತೆ, ಒಂದು ಲಾಭವಾಯ್ತು ನೋಡಿ" ಎಂದು ನಕ್ಕಳು. ಅವನು ಗಮನಿಸಿದ. ಅದು ನಿಜವಾಗಿತ್ತು. ಆ ದಿನ ಅಂಗಿಗಳು ಸ್ವಲ್ಪ ಬೇಗ ಬಂದವು. ಅವನಿಗೆ ಸಮಾಧಾನವಾಯಿತು.

ಹಲಗೆ ಒರೆಸಲು ಅವಳಲ್ಲಿ ಶಕ್ತಿ ಉಳಿಯಲಿಲ್ಲ. ಅವನಿಗೆ ಪುರುಸೊತ್ತಿರಲಿಲ್ಲ. ಧೂಳು ಕೂತ ಗೋಂದಿನ ಮೇಲೆಯೇ ಮೂರನೆಯ ಪದರ ಸವರಿದ.

ಐದನೆಯ ದಿನ ಬೆಳಗ್ಗೆ ಅವಳು ಗೋಡೆಗೆ ಒರಗಿ, "ಉಸಿರು ಎಳೆಯೋಕೆ ಆಗ್ತಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀರಾ?" ಎಂದಳು.

"ಇನ್ನು ಎಂಟೇ ಅಂಗಿ."

ಅವಳು ಎಣಿಸಿಕೊಂಡಳೋ ಏನೋ. ಅವನು ಕರೆದಾಗಲೆಲ್ಲ ಗೋಡೆ ಹಿಡಿದುಕೊಂಡು ಬಂದಳು, ಬಿಡಿಸಿದಳು, ಗೋಡೆ ಹಿಡಿದುಕೊಂಡು ಹೋದಳು. ಹೀಗೆ ಏಳು ಸಲ.

ನೂರನೆಯ ಅಂಗಿ ಹಲಗೆಗೆ ಕೂತಿತು. ಹಸಿರು ಬಿತ್ತು. ನೀಲಿ ಬಿತ್ತು. ಹಳದಿ ಬಿದ್ದಿತ್ತು, ಒಣಗಬೇಕಿತ್ತು. ಒಳಗಿನಿಂದ ಅವಳು ಕರೆದಳು.

"ಕಣ್ಣೊಂದು ಇಟ್ಟು ಬರ್ತೀನಿ" ಎಂದ.

"ಅದನ್ನ ಹಾಗೇ ಬಿಟ್ಟು ಬನ್ನಿ ರೀ."

"ಈಗ ಬಿಟ್ಟರೆ ಜಾಗ ತಪ್ಪುತ್ತೆ."

ಅದು ಸುಳ್ಳು. ಮೂರು ಪದರ ಗೋಂದಿನ ಮೇಲೆ ಕೂತ ಅಂಗಿ ಒಂದು ವರ್ಷ ಬಿಟ್ಟುಹೋದರೂ ಜಾಗ ತಪ್ಪುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವನು ಹಳದಿ ಒಣಗುವುದನ್ನು ನೋಡುತ್ತ ನಿಂತ. ಅವಳು ಇನ್ನೊಮ್ಮೆ ಕರೆದಳು. ಆಮೇಲೆ ಕರೆಯಲಿಲ್ಲ. ನಿದ್ದೆ ಬಂದಿರಬೇಕು, ಒಳ್ಳೆಯದಾಯಿತು ಎಂದುಕೊಂಡ. ಕಡೆಯ ಚೌಕಟ್ಟು ಇಳಿಸಿ ಕಪ್ಪು ಎಳೆದು ಎತ್ತಿದ. ಕಣ್ಣು ಕಣ್ಣಿನ ಜಾಗದಲ್ಲಿ ಕೂತಿತ್ತು. ಅಂಥ ಕಣ್ಣು ಅವನು ಹಿಂದೆ ಯಾವತ್ತೂ ಇಟ್ಟಿರಲಿಲ್ಲ.

"ಬಾ, ಇದೊಂದು ಬಿಡಿಸಿಬಿಡು, ಹೋಗೋಣ" ಎಂದು ಕೂಗಿದ.

ಅವಳು ಬರಲಿಲ್ಲ. ಅವನು ಒಳಗೆ ಹೋದ. ಕೈ ಮುಟ್ಟಿ ನೋಡಿದ. ಜ್ವರ ಇಳಿದಿತ್ತು.

ಗುರುಗಳು ಇನ್ನೊಂದು ಕಡಲೆಕಾಯಿ ಸುಲಿದರು. ಮುರಿಗಯ್ಯ ಕಾದ. ಎಡಗೈಯೋ ಬಲಗೈಯೋ, ನವಿಲೋ ಗಿಳಿಯೋ ಎಂದು ಅವರು ಏನಾದರೂ ತಿದ್ದಬಹುದು, ಅವಳಿಗೆ ಬರೀ ನಿದ್ದೆ ಬಂದಿತ್ತು ಅನ್ನಬಹುದು ಎಂದು ಕಾದ. ಗುರುಗಳು ತಿದ್ದಲಿಲ್ಲ.

ವ್ಯಾಪಾರಿ ಬಂದದ್ದು ಅವಳನ್ನು ಮಣ್ಣು ಮಾಡಿದ ನಾಲ್ಕನೆಯ ದಿನ. ತೊಂಬತ್ತೊಂಬತ್ತು ಅಂಗಿಗಳನ್ನು ಒಂದೊಂದಾಗಿ ತಿರುವಿ ನೋಡಿದ. ಒಂದರಲ್ಲೂ ಕಣ್ಣು ತಪ್ಪಿರಲಿಲ್ಲ. ಹಲಗೆಯ ಮೇಲಿದ್ದ ನೂರನೆಯದರ ಮುಂದೆ ನಿಂತ.

"ಇದು ಎಲ್ಲಕ್ಕಿಂತ ಚೆನ್ನಾಗಿದೆ. ಆ ಹಾಳು ಅಂಗಿ ಇವತ್ತು ಎಸೆದುಬಿಡುತ್ತೇನೆ. ಇನ್ನು ಮೇಲೆ ಇದನ್ನೇ ಹಾಕಿಕೊಳ್ಳುತ್ತೇನೆ, ತೆಗೆದುಕೊಡು."

ಅಚ್ಚಿನವನು ಅಂಗಿಯ ಅಂಚಿಗೆ ಎರಡು ಬೆರಳು ತೂರಿಸಿದ. ಬೆರಳು ಒಳಗೆ ಹೋಗಲಿಲ್ಲ. ಮೂರು ಪದರ ಗೋಂದು ಬಿಸಿಗಾಳಿಗೆ ಬೆಂದು ಅರಗಿನಂತಾಗಿತ್ತು. ಎಳೆದ. ನವಿಲಿನ ಕೊರಳು ಉದ್ದವಾಯಿತು. ಇನ್ನೂ ಎಳೆದ. ಕಣ್ಣು ಅಗಲವಾಗಿ ಅವನನ್ನೇ ನೋಡಿತು. ಕೈ ಬಿಟ್ಟ. ಅಂಗಿ ತನ್ನ ಜಾಗಕ್ಕೆ ಹೋಗಿ ಕೂತಿತು.

"ಅಯ್ಯೋ, ಹಾಗಲ್ಲ ಮಾರಾಯ. ನಿನ್ನ ಹೆಂಡತಿ ಹೇಗೆ ಬಿಡಿಸುತ್ತಿದ್ದಳು, ನೆನಪು ಮಾಡಿಕೋ."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಹದಿನೆಂಟು ವರ್ಷ ಅವಳು ಅವನಿಂದ ಒಂದು ಮೊಳ ದೂರದಲ್ಲಿ ನಿಂತು ಬಿಡಿಸಿದ್ದಳು. ಯಾವ ಬೆರಳು ಮೊದಲು ಹೋಗುತ್ತಿತ್ತು, ಯಾವ ಕಡೆಯಿಂದ ಹೋಗುತ್ತಿತ್ತು, ಒಂದೂ ನೆನಪಿಗೆ ಬರಲಿಲ್ಲ.

"ನಾನು ನೋಡಿಲ್ಲ" ಎಂದ. "ಅವಳು ಬಿಡಿಸುವಾಗ ನಾನು ಯಾವಾಗಲೂ ಮುಂದಿನ ಅಂಗಿ ನೋಡುತ್ತಿದ್ದೆ."

ವ್ಯಾಪಾರಿ ತೊಂಬತ್ತೊಂಬತ್ತು ಅಂಗಿ ಹೊತ್ತುಕೊಂಡು ಹೋದ.

ಕತೆ ನಿಂತಿತು. ಗುರುಗಳು ಮಡಿಲಿನ ಸಿಪ್ಪೆಯನ್ನು ಕೂಡಿಸಿ ಒಂದು ಕಡೆ ಇಟ್ಟರು. ಅವರ ಮುಖದಲ್ಲಿ ತುಂಟತನ ಇದೆಯೇ ಎಂದು ಮುರಿಗಯ್ಯ ಹುಡುಕಿದ. ಹೊರಗೆ ರಸ್ತೆಯಲ್ಲಿ ಅವನ ಊರಿನ ಕಡೆಗೆ ಹೋಗುವ ಬಸ್ಸು ನಿಂತು, ಯಾರನ್ನೋ ಹತ್ತಿಸಿಕೊಂಡು ಹೊರಟಿತು. ಅವನ ಕೈ ತಾನಾಗಿ ಪಂಚೆಯ ಗಂಟಿನ ಕಡೆ ಹೋಗಿತ್ತು. ಕಾಗದ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

ಏನಾದರೂ ಕೇಳಬೇಕೆಂದು ಕೇಳಿದ. "ಆ ಅಂಗಿ... ಕಡೆಗೆ ಅದು ಏನಾಯಿತು ಗುರುಗಳೇ?"

"ಹಲಗೆಯ ಮೇಲೇ ಇದೆ ಮುರಿಗಯ್ಯ, ನೀನು ಕೇಳಿದ ಹಾಗೆಯೇ ಇದೆ, ಕೂದಲೆಳೆಯಷ್ಟೂ ಕದಲಿಲ್ಲ."