ಗೌರಕ್ಕನ ಲೋಟ

ತುಂಗಭದ್ರೆಯ ದಂಡೆಯ ಮೇಲೆ ಒಂದು ಹಳೆಯ ಇಟ್ಟಿಗೆ ಭಟ್ಟಿಯ ಬಯಲು. ಅಲ್ಲಿ ದಾದಾಪೀರ್ ಮೇಷ್ಟ್ರು ಬೈಕ್ ಓಡಿಸುವುದನ್ನು ಕಲಿಸುತ್ತಿದ್ದರು.

ಅವರ ಗುರುಕುಲ ಅಂದರೆ ಒಂದು ತಗಡಿನ ಚಪ್ಪರ, ನೆಲದ ಮೇಲೆ ಸುಣ್ಣದ ಗೆರೆ, ಸಾಲಾಗಿಟ್ಟ ಹಳೇ ಟೈರುಗಳು. ಅಷ್ಟೇ.

ಒಂದು ಸೋಮವಾರ ಬೆಳಿಗ್ಗೆ ಕೊಟ್ರೇಶ ಅಲ್ಲಿಗೆ ಬಂದ.

ಕೊಟ್ರೇಶ ಅಂದರೆ ಸಾಮಾನ್ಯ ಆಸಾಮಿಯಲ್ಲ. ಅವನು ಬೈಕ್ ಹತ್ತಿ ಹೊರಟರೆ ಅವನ ನೆರಳು ಹಿಂದೆ ಉಳಿದು, ಏದುಸಿರು ಬಿಡುತ್ತಾ ಮಾರನೆಯ ದಿನ ಬಂದು ಸೇರಿಕೊಳ್ಳುತ್ತಿತ್ತು. ಒಮ್ಮೆ ಅವನು ರಾಣೆಬೆನ್ನೂರು ತಲುಪಿ ಎರಡು ಇಡ್ಲಿ ತಿಂದು ಕೈ ತೊಳೆದ ಮೇಲೆ, ಹೊರಡುವಾಗ ಹೊಡೆದಿದ್ದ ಹಾರನ್ನು ಹರಿಹರದವರಿಗೆ ಕೇಳಿಸಿತಂತೆ. ಇದಕ್ಕೆಲ್ಲ ಸಾಕ್ಷಿ ಇದೆ. ಸಾಕ್ಷಿ ಕೊಟ್ರೇಶನೇ.

ಕಪ್ಪು ಬೈಕು, ಕಪ್ಪು ಜಾಕೆಟ್ಟು, ಕಪ್ಪು ಹೆಲ್ಮೆಟ್ಟು.

"ಏನು ಕಲೀಬೇಕು ತಮ್ಮಾ?" ಅಂದರು ಮೇಷ್ಟ್ರು.

"ಕಲಿಯೋದೇನೂ ಇಲ್ಲ ಮೇಷ್ಟ್ರೇ. ಒಂದು ಕಾಗದ ಬೇಕು. ಈ ಹುಡುಗನಿಗೆ ಬೈಕ್ ಬರುತ್ತೆ ಅಂತ ನೀವು ಬರೆದು ಕೊಡಬೇಕು."

"ಯಾರಿಗೆ?"

"ನಮ್ಮ ಮಾವನಿಗೆ." ಕೊಟ್ರೇಶ ಕೆಮ್ಮಿದ. "ಅಂದರೆ, ಮಾವ ಆಗಬೇಕಾದವರಿಗೆ."

ಮಾವ ಆಗಬೇಕಾದವರು ಮಹಾರುದ್ರಪ್ಪ, ಬಸ್ ಡ್ರೈವರು. ಅವರ ಮಗಳು ಚಂದ್ರಕಲಾ. ಹುಡುಗಿ ನೋಡುವ ಶಾಸ್ತ್ರ ಆಗಿತ್ತು. ಜಾತಕ ಕೂಡಿತ್ತು. ಉಪ್ಪಿಟ್ಟು ಕೊಡುವಾಗ ಹುಡುಗಿ ನಕ್ಕಿದ್ದಳು. ಆಮೇಲೆ ಮಹಾರುದ್ರಪ್ಪ ಬೀಳ್ಕೊಡಲು ಅಂಗಳಕ್ಕೆ ಬಂದರು, ಬೈಕ್ ನೋಡಿದರು, ಹಿಂದಿನ ಸೀಟಿನ ಮೇಲೆ ಕೈ ಇಟ್ಟರು.

"ಹುಡುಗ ಒಪ್ಪಿಗೆ. ಆದರೆ ನನ್ನ ಮಗಳು ಆ ಹಿಂದಿನ ಸೀಟಿನ ಮೇಲೆ ಕೂರಬೇಕಲ್ಲ. ದಾದಾಪೀರ್ ಮೇಷ್ಟ್ರ ಕಾಗದ ತಗೊಂಡು ಬಾ. ಗುರುವಾರ ಎಲೆ ಅಡಿಕೆ ಬದಲಾಯಿಸೋಣ. ಕಾಗದ ಬರಲಿಲ್ಲವೋ, ಎಲೆ ನಮ್ಮನೇಲೇ ಬಾಡಲಿ."

"ಯಾಕೆ ಮಾವಾ, ಇಷ್ಟು ಕಟ್ಟುನಿಟ್ಟು?" ಅಂತ ಕೊಟ್ರೇಶ ನಕ್ಕಿದ್ದ.

ಮಹಾರುದ್ರಪ್ಪ ನಗಲಿಲ್ಲ. "ಹನ್ನೆರಡು ವರ್ಷದ ಹಿಂದೆ ನಿನ್ನ ವಯಸ್ಸಿನ ಒಬ್ಬ ನನ್ನ ಬಸ್ಸಿನ ಎಡಗಡೆ ಬಂದ. ನಾನು ಕನ್ನಡಿ ನೋಡಿದ್ದೆ. ಅವನು ಕಾಣಲಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಿದ್ದರು.

ಮೇಷ್ಟ್ರು ಎಲ್ಲ ಕೇಳಿದರು. "ಗೆರೆ ಮೇಲೆ ಓಡಿಸಿ ತೋರಿಸು," ಅಂದರು.

ಕೊಟ್ರೇಶ ತೋರಿಸಿದ. ಟೈರುಗಳ ನಡುವೆ ಹಾವು ಹರಿದ ಹಾಗೆ ಹರಿದ. ಕಾಲು ನೆಲಕ್ಕೆ ತಾಗಿಸದೆ ಎಂಟು ಬರೆದ, ಎಂಬತ್ತೆಂಟೂ ಬರೆದ. ಬ್ರೇಕ್ ಒತ್ತಿದರೆ ಗೆರೆಯ ಮೇಲೆ ಕೂತಿದ್ದ ಇರುವೆಗೂ ನೋವಾಗದಂತೆ ನಿಂತ.

"ಚೆನ್ನಾಗಿದೆ. ಈಗ ಪರೀಕ್ಷೆ," ಅಂದರು ಮೇಷ್ಟ್ರು.

"ಇದು ಪರೀಕ್ಷೆ ಅಲ್ಲವಾ?"

"ಇದು ಆಟ. ಸೇತುವೆ ರಸ್ತೆಯಲ್ಲಿ ಬಲಗಡೆ ಗೌರಕ್ಕನ ಚಾದಂಗಡಿ ಇದೆ. ಅದನ್ನು ದಾಟಿ ಹೋಗು. ಸೇತುವೆ ಹತ್ತಿರ ತಿರುಗಿಸಿಕೊಂಡು ಅಂಗಡಿಗೆ ವಾಪಸ್ ಬಾ. ಹೋಗುವಾಗ ಗೌರಕ್ಕ ನಿನ್ನ ನೋಡಿದರೆ ಒಂದು ಲೋಟ ಚಾ ಹಾಕಿ ಮುಂದಿನ ಕೂರೋ ಹಲಗೆ ಮೇಲೆ ಇಡ್ತಾಳೆ. ನನ್ನ ಹತ್ತಿರ ಕಲಿತವರೆಲ್ಲ ಆ ಚಾ ಕುಡಿದೇ ಹೋಗಿರೋದು."

"ಲೋಟ ಇಡದಿದ್ದರೆ?"

"ಚಾ ಇಲ್ಲ. ಕಾಗದಾನೂ ಇಲ್ಲ."

ಕೊಟ್ರೇಶನಿಗೆ ನಗು ತಡೆಯಲಾಗಲಿಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಅವನನ್ನು ನೋಡದ ಕಣ್ಣು ಯಾವುದಿದೆ?

ಮೇಷ್ಟ್ರು ಅಂಗಡಿಗೆ ಹೋಗಿ ರಸ್ತೆಗೆ ಬೆನ್ನು ಹಾಕಿ ಕೂತರು. ಕೊಟ್ರೇಶ ರಸ್ತೆಯ ಎಡ ಅಂಚಿನ ಹುಣಸೆಮರಗಳ ನೆರಳಿನಲ್ಲಿ ತಂಪಾಗಿ, ಬಾಣದ ಹಾಗೆ ಹೋದ. ಸೇತುವೆ ಮುಟ್ಟಿ ವಾಪಸ್ ಬಂದ. ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡ.

ಹಲಗೆಯ ಮೇಲೆ ಲೋಟ ಇರಲಿಲ್ಲ.

"ಗೌರಕ್ಕಾ, ನನ್ನ ಚಾ?"

"ನೀನು ಬರೋದು ಕಾಣ್ತಪ್ಪಾ. ಹೋಗಿದ್ದು ಯಾವಾಗ?" ಅಂದಳು ಗೌರಕ್ಕ, ಸೋಸಣಿಗೆ ಕುಟ್ಟುತ್ತಾ.

"ಈಗಲೇ ಹೋದೆನಲ್ಲ! ನಾನು ನಿನ್ನ ನೋಡಿದೆ!"

ಮೇಷ್ಟ್ರು ಬೆನ್ನು ಹಾಕಿಕೊಂಡೇ ಹೇಳಿದರು: "ನೀನು ಅವಳನ್ನ ನೋಡಿದರೆ ಏನು ಬಂತು? ಬೈಕ್ ಓಡಿಸ್ತಿದ್ದವಳು ಅವಳಲ್ಲ."

ಮಂಗಳವಾರ ಕೊಟ್ರೇಶ ಸೈಲೆನ್ಸರಿನ ಹೊಟ್ಟೆಯೊಳಗಿನದನ್ನೆಲ್ಲ ಕಿತ್ತುಹಾಕಿಸಿಕೊಂಡು ಬಂದ. ಆ ಸದ್ದಿಗೆ ನದಿಯ ಮೀನುಗಳು ಆಚೆ ದಂಡೆಗೆ ಗುಳೆ ಹೋದವು. ಮರದ ಮೇಲಿನ ಹುಣಸೆಹಣ್ಣು ತಾನಾಗಿ ಸಿಪ್ಪೆ ಬಿಟ್ಟುಕೊಂಡಿತು.

ವಾಪಸ್ ಬಂದಾಗ ಹಲಗೆ ಖಾಲಿ.

"ಏನೋ ಸದ್ದು ಬಂತು. ಎಲ್ಲಿ ಅಂತ ತಿರುಗೋದರೊಳಗೆ ಬರೀ ಧೂಳು," ಅಂದಳು ಗೌರಕ್ಕ. "ಹಾಲು ಒಡೆದುಹೋಯ್ತೇನೋ ಅಂತ ಪಾತ್ರೆ ನೋಡಿಕೊಂಡೆ."

ಮೇಷ್ಟ್ರು ಸೈಲೆನ್ಸರ್ ರಿಪೇರಿ ಅಂಗಡಿಯ ಕಡೆ ಬೆರಳು ತೋರಿಸಿದರು. ಕೊಟ್ರೇಶ ಹೋಗಿ ಸರಿ ಮಾಡಿಸಿಕೊಂಡ.

ಬುಧವಾರ ಅವನು ಬಂದ ರೀತಿ ನೋಡಿ ಎರಡು ಎಮ್ಮೆಗಳು ಹಗ್ಗ ಹರಿದುಕೊಂಡವು. ಕೇಸರಿ ಜಾಕೆಟ್ಟು. ಅದರ ಮೇಲೆ ಹೊಳೆಯುವ ಪಟ್ಟಿ, ಅಡ್ಡಡ್ಡ, ಉದ್ದುದ್ದ. ಹೆಲ್ಮೆಟ್ಟಿಗೆ ಹಳದಿ ಬಣ್ಣ. ಹಗಲಲ್ಲೇ ಹೆಡ್‌ಲೈಟು. ಸೂರ್ಯನೇ ಒಂದು ಗಳಿಗೆ ಮೋಡದ ಮರೆಗೆ ಸರಿದು, ಇವನು ಹೋಗಲಿ ಆಮೇಲೆ ಬರೋಣ ಅಂದುಕೊಂಡ.

ಕೊಟ್ರೇಶ ಹೊರಟ. ಮುಂದೆ ಎರಡು ಟ್ರೈಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಹೋಗುತ್ತಿತ್ತು. ಅದರ ಬೆನ್ನಿಗೆ ಅಂಟಿಕೊಂಡು ಹೋದ. ಅಂಗಡಿಯ ಹತ್ತಿರ ಬಂದಾಗ ಎಡಗಡೆಯ ಸಂದಿನಲ್ಲಿ ನುಸುಳಿ ಮುಂದೆ ಹಾರಿದ.

ವಾಪಸ್ ಬಂದಾಗ ಹಲಗೆ ಖಾಲಿ.

"ಗೌರಕ್ಕಾ!" ಅವನು ಜಾಕೆಟ್ಟು ಹಿಡಿದು ತೋರಿಸಿದ. "ಇಷ್ಟು ಬಣ್ಣ ಕಾಣಲಿಲ್ಲವಾ?"

"ಕಬ್ಬಿನ ಟ್ರ್ಯಾಕ್ಟರ್ ಹೋಯ್ತಪ್ಪಾ," ಅಂದಳು ಗೌರಕ್ಕ. "ಕಬ್ಬು ಚೆನ್ನಾಗಿತ್ತು."

ಕೊಟ್ರೇಶ ಜಾಕೆಟ್ಟಿನ ಜಿಪ್ಪು ಸರ್ರನೆ ಎಳೆದ. "ಇದನ್ನ ಹೊಳೆಗೆ ಎಸೀತೀನಿ."

"ಎಸೀಬೇಡ," ಅಂದರು ಮೇಷ್ಟ್ರು. "ಜಾಕೆಟ್ಟು ಒಳ್ಳೇದು. ಲೈಟೂ ಒಳ್ಳೇದು. ಅಷ್ಟು ಒಳ್ಳೇದನ್ನ ಟ್ರ್ಯಾಕ್ಟರ್ ಹಿಂದೆ ಯಾಕೆ ಬಚ್ಚಿಟ್ಟೆ?"

ಕೊಟ್ರೇಶ ಹಲಗೆಯ ಮೇಲೆ ಕುಸಿದು ಕೂತ. ಮೊದಲ ಸಲ ಅವನ ಬಾಯಿಂದ ಬಡಾಯಿ ಬರಲಿಲ್ಲ.

"ನಾಳೆ ಗುರುವಾರ ಮೇಷ್ಟ್ರೇ. ಅವರು ಎಲೆ ತಂದಿಟ್ಟಿದ್ದಾರಂತೆ. ಚಂದ್ರಕಲಾ ನಮ್ಮ ತಂಗಿಗೆ ಫೋನ್ ಮಾಡಿದ್ದಳು. ನಿಮ್ಮಣ್ಣ ಇನ್ನೂ ಪಾಸಾಗಲಿಲ್ಲವಾ ಅಂತ ಕೇಳಿದಳಂತೆ." ತಲೆ ತಗ್ಗಿಸಿದ. "ನಗ್ತಾ ಕೇಳಲಿಲ್ಲವಂತೆ."

ಮೇಷ್ಟ್ರು ಅಂಗಡಿಯ ಒಳಗಡೆಗೆ ತಿರುಗಿದರು.

"ಗೌರಕ್ಕಾ, ಅರ್ಧ ಗಂಟೆ ಎದ್ದೇಳು. ನಿನ್ನ ಜಾಗದಲ್ಲಿ ಇವನು ಕೂರಲಿ."

ಗೌರಕ್ಕ ಸೆರಗು ಕೊಡವಿ ಎದ್ದಳು. "ಹಾಲು ಉಕ್ಕಿಸಿದರೆ ನಿನಗೆ ಮದುವೆ ಆಗದ ಹಾಗೆ ನಾನೇ ನೋಡ್ಕೋತೀನಿ," ಅಂದಳು.

ಕೊಟ್ರೇಶ ಒಲೆಯ ಮುಂದೆ ಕೂತ. ಮೇಷ್ಟ್ರು ಎಲ್ಲೋ ಹೋದರು.

ಸೀಮೆಗೆಲ್ಲ ಧೀರನಾದವನಿಗೆ ಸ್ಟೌವಿನ ಪಿನ್ನು ಸಿಗಲಿಲ್ಲ. ಸಿಕ್ಕಾಗ ಹಾಲು ಏಳುತ್ತಿತ್ತು. ಹಾಲು ಇಳಿಸಿದರೆ ಶುಂಠಿ ಮರೆತಿತ್ತು. ಒಬ್ಬ ಸಕ್ಕರೆ ಬೇಡ ಅಂದ, ಇನ್ನೊಬ್ಬ ಎರಡು ಚಮಚ ಅಂದ, ಇಬ್ಬರ ಲೋಟ ಅದಲುಬದಲಾಗಿ ಇಬ್ಬರೂ ಬೈದರು. ಹಬೆ ಕಣ್ಣಿಗೆ ಹೊಡೆಯಿತು. ಬೆರಳು ಸುಟ್ಟಿತು.

ಅರ್ಧ ಗಂಟೆಯಾದ ಮೇಲೆ ಮೇಷ್ಟ್ರು ಬಂದು ನಿಂತರು. ಮೀಸೆಯ ಮೇಲೆ ಧೂಳಿತ್ತು.

"ಎಷ್ಟು ಬೈಕು ಹೋದವು?"

"ಎರಡು. ಒಂದು ಹಾಲಿನವನದು. ಇನ್ನೊಂದರ ಹಿಂದೆ ಒಬ್ಬಳು ಕೊಡೆ ಹಿಡಿದು ಕೂತಿದ್ದಳು."

"ನಾನೇ ಮೂರು ಸಲ ಹೋದೆ."

"ಸುಳ್ಳು!"

"ಹೋದರಪ್ಪಾ," ಅಂದಳು ಗೌರಕ್ಕ, ಹಲಗೆಯ ಮೇಲೆ ಕಾಲು ಚಾಚಿ ಕೂತವಳು. "ಒಂದ್ಸಲ ನಿನಗೆ ಕೈಯೂ ಬೀಸಿದರು."

ಕೊಟ್ರೇಶ ರಸ್ತೆ ನೋಡಿದ, ಒಲೆ ನೋಡಿದ, ಮತ್ತೆ ರಸ್ತೆ ನೋಡಿದ.

"ನಾನು ಚಾ ಸೋಸ್ತಾ ಇದ್ದೆ ಮೇಷ್ಟ್ರೇ."

"ಎಲ್ಲರೂ ಏನಾದರೂ ಸೋಸ್ತಾನೇ ಇರ್ತಾರೆ ತಮ್ಮಾ," ಅಂದರು ಮೇಷ್ಟ್ರು.

ಗುರುವಾರ ಬೆಳಿಗ್ಗೆ ಕೊಟ್ರೇಶ ಹೊಸ ಅಂಗಿಯ ಮೇಲೆ ಅದೇ ಕೇಸರಿ ಜಾಕೆಟ್ಟು ಹಾಕಿಕೊಂಡು ಬಂದ. ಹೆಡ್‌ಲೈಟ್ ಉರಿಯುತ್ತಿತ್ತು. ಬಡಾಯಿ ಮನೆಯಲ್ಲೇ ಮಲಗಿತ್ತು.

ಮುಂದೆ ಕಬ್ಬಿನ ಟ್ರ್ಯಾಕ್ಟರು. ಅವನು ಹಿಂದೆ ಉಳಿದ. ಟ್ರ್ಯಾಕ್ಟರು ಅಂಗಡಿ ದಾಟಿ ದೂರ ಹೋಗಲಿ ಅಂತ ಬಿಟ್ಟ. ಮರದ ನೆರಳಿನಿಂದ ಹೊರಗೆ ಬಂದು, ತನ್ನ ಬದಿಯಲ್ಲೇ, ಬಿಸಿಲು ಬಿದ್ದ ಕಡೆ ಬೈಕ್ ಇಟ್ಟುಕೊಂಡ. ಅಂಗಡಿ ಇನ್ನೂ ದೂರವಿರುವಾಗಲೇ ವೇಗ ತಗ್ಗಿಸಿದ.

ಗೌರಕ್ಕ ತಲೆ ತಗ್ಗಿಸಿ ಚಾ ಸೋಸುತ್ತಿದ್ದಳು.

ಅವನು ಇನ್ನೂ ನಿಧಾನ ಮಾಡಿದ. ಹಿಂದಿನಿಂದ ಸೈಕಲ್ಲಿನವನೊಬ್ಬ ಅವನನ್ನು ದಾಟಿ ಹೋದ. ಹೋಗುವಾಗ, "ಯಾಕಣ್ಣಾ, ಪೆಟ್ರೋಲ್ ಇಲ್ಲವಾ?" ಅಂದ. ಕೊಟ್ರೇಶನ ಜನ್ಮದಲ್ಲಿ ಇಂಥ ಅವಮಾನ ಆಗಿರಲಿಲ್ಲ. ನುಂಗಿಕೊಂಡ.

ಹಾರನ್ ಒಂದೇ ಒಂದು ಸಲ ಒತ್ತಿದ. ಮೆಲ್ಲಗೆ.

ಗೌರಕ್ಕ ಮುಖ ಎತ್ತಿದಳು. ಕತ್ತನ್ನು ಪೂರ್ತಿ ಹೊರಳಿಸಿ ರಸ್ತೆಯತ್ತ ನೋಡಿದಳು. ಕೊಟ್ರೇಶ ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಕೈ ಕೆಟಲ್ಲಿನ ಹಿಡಿಕೆಗೆ ಹೋಗುವುದನ್ನು ನೋಡಿ, ಆಮೇಲೆ ಮುಂದಕ್ಕೆ ಹೋದ.

ವಾಪಸ್ ಬಂದಾಗ ಹಲಗೆಯ ಮೇಲೆ ಲೋಟ ಇತ್ತು. ಹಬೆ ಏಳುತ್ತಿತ್ತು.

ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟು ಬರೆದರು. ಉದ್ದ ಏನೂ ಬರೆಯಲಿಲ್ಲ. "ಮಹಾರುದ್ರಪ್ಪನವರಿಗೆ ಸಲಾಮ್. ಹುಡುಗ ಕಾಣುತ್ತಾನೆ." ಕೆಳಗೆ ಸಹಿ ಹಾಕತೊಡಗಿದರು.

ಕೊಟ್ರೇಶ ಚಾ ಕುಡಿದು, ಗೌರಕ್ಕನ ಎಡಗಡೆಯಿಂದ ಖಾಲಿ ಲೋಟ ಚಾಚಿದ.

ಗೌರಕ್ಕ ತೆಗೆದುಕೊಳ್ಳಲಿಲ್ಲ. ಅವನು ಮೊದಲು ನಿಂತಿದ್ದ ಜಾಗಕ್ಕೇ ಮಾತಾಡಿದಳು. "ಎಲ್ಲಿ ಹೋದ್ಯೋ ಕೊಟ್ರಪ್ಪಾ? ಲೋಟ ಕೊಡು."

"ಇಲ್ಲೇ ಇದೀನಲ್ಲಕ್ಕಾ!"

ಅವಳು ಕತ್ತನ್ನು ಪೂರ್ತಿ ಹೊರಳಿಸಿದಳು. ಕೊಟ್ರೇಶ ಇಷ್ಟು ಹತ್ತಿರದಿಂದ ಅವಳ ಕಣ್ಣು ನೋಡಿದ್ದು ಅದೇ ಮೊದಲು. ಎಡಗಣ್ಣಿನ ತುಂಬ ಗಸಗಸೆ ಪಾಯಸದ ಬಣ್ಣದ ಪೊರೆ.

"ಮೇಷ್ಟ್ರೇ!" ಅವನು ಕೂಗಿಯೇಬಿಟ್ಟ. "ಗೌರಕ್ಕನಿಗೆ ಎಡಗಣ್ಣು ಕಾಣೋದೇ ಇಲ್ಲವಲ್ಲ!"

"ಹ್ಞೂಂ. ಬಹಳ ವರ್ಷ ಆಯ್ತು."

"ನಾನು ದಿನಾ ಬರ್ತಾ ಇದ್ದಿದ್ದೇ ಆ ಕಡೆಯಿಂದ! ಮೂರು ದಿನ ನನ್ನ ಪ್ರಾಣ ತಿಂದಿರಿ. ಮೊದಲೇ ಒಂದು ಮಾತು ಹೇಳಬಾರದಿತ್ತಾ?"

ಮೇಷ್ಟ್ರು ಸಹಿ ಮುಗಿಸಿ, ಕಾಗದ ಮಡಿಸಿ ಅವನ ಕೈಗಿಟ್ಟರು.

"ನಾಳೆ ಎದುರಿಗೆ ಬರೋ ಲಾರಿಯವನು ಹೇಳ್ತಾನಾ?"