ಎಲ್ಲವೂ ಎರಡೆರಡಿದ್ದ ವಿಮಾನ

ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ಶಂಭುಲಿಂಗ ಎಂಬ ಇನ್ವರ್ಟರ್ ಅಂಗಡಿಯವನಿದ್ದ. ಅವನು ಹೆಂಡತಿಗಾಗಿ ಒಂದು ವಿಮಾನ ಕಟ್ಟುತ್ತಿದ್ದ.

ಹೆಂಡತಿಯ ಹೆಸರು ದಾನೇಶ್ವರಿ. ಮದುವೆಗೆ ಮುಂಚೆಯೇ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ಲೈಸೆನ್ಸ್ ಪಡೆದಿದ್ದಳು. ಅದನ್ನು ಉಳಿಸಿಕೊಳ್ಳಲು ಆಗಾಗ ಬಸ್ಸು ಹತ್ತಿ ದೂರದ ಕ್ಲಬ್ಬಿಗೆ ಹೋಗಿ, ಬೇರೆಯವರ ವಿಮಾನದಲ್ಲಿ ಒಂದಿಷ್ಟು ಹಾರಿ, ಅದೇ ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದಳು. ಉಳಿದ ದಿನಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದಳು. ಆಕಾಶದಲ್ಲಿ ಏನಾದರೂ ಸದ್ದಾದರೆ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದಳು. ಇದನ್ನು ನೋಡಿ ನೋಡಿ ಶಂಭುಲಿಂಗನೇ ಒಂದು ದಿನ, "ನಾವೇ ಒಂದು ಕಟ್ಟೋಣು ತಗೋ" ಅಂದ.

ನಕ್ಷೆ ತರಿಸಿದರು. ಬೇಕಾದ ಪರವಾನಗಿಗಳಿಗೆ ಓಡಾಡಿದರು. ಲಾರಿ ಬಾಡಿ ಕಟ್ಟುವ ಗೈಬುಸಾಬ ಎಂಬ ಗೆಳೆಯ ಮರದ ಚೌಕಟ್ಟು ಮಾಡಿಕೊಟ್ಟ. ಊರ ಹೊರಗೆ ಒಂದು ಸಕ್ಕರೆ ಕಾರ್ಖಾನೆಯಿತ್ತು. ಕಾರ್ಖಾನೆಯವರು ತಮ್ಮ ಹಳೆಯ ರನ್‌ವೇ ಪಕ್ಕದ ಗೋದಾಮನ್ನು ಬಿಟ್ಟುಕೊಟ್ಟರು. ರೆಕ್ಕೆ ಬಂತು, ಬಾಲ ಬಂತು, ಎಂಜಿನ್ ಕೂತಿತು. ಉಳಿದದ್ದು ವೈರಿಂಗ್. ಅದು ಶಂಭುಲಿಂಗನ ಕೆಲಸ.

ಅಲ್ಲಿಗೆ ಬಂದು ವಿಮಾನ ನಿಂತಿತು.

ಅವನಿಗೆ ಕೆಲಸ ಬರುತ್ತಿರಲಿಲ್ಲವೇ? ಊರಿನ ಅರ್ಧ ಮನೆಗಳ ವೈರಿಂಗ್ ಅವನದೇ. ಆದರೆ ಒಂದು ತಂತಿ ಎಳೆದು ಮುಗಿಸುವಷ್ಟರಲ್ಲಿ ಅವನೊಳಗೆ ಒಂದು ಹೆದರಿಕೆ ಏಳುತ್ತಿತ್ತು. ಇದು ಕೆಟ್ಟರೆ? ಮೇಲೆ ಹೋಗಿ ಕೂರುವವಳು ತನ್ನ ಹೆಂಡತಿ. ಅವಳು ಮೇಲಿದ್ದಾಗ ಇದು ಕೆಟ್ಟರೆ?

ಎತ್ತರ, ವೇಗ, ದಿಕ್ಕು ಎಲ್ಲವನ್ನೂ ತೋರಿಸುವ ಒಂದು ಪರದೆಯನ್ನು ಹಾಕಿದ್ದ. ಅದು ಕೆಟ್ಟರೆ ಎಂದು ಇನ್ನೊಂದು ಪರದೆ ತಂದ. ಅದಕ್ಕೆ ಜಾಗ ಸಾಲದೆ, ಕರೆಂಟೇ ಬೇಡದ ಎರಡು ಮುಳ್ಳಿನ ಗಡಿಯಾರಗಳನ್ನು ಕಿತ್ತು ಡಬ್ಬಿಗೆ ಹಾಕಿದ. ಒಂದು ವೇಗ ತೋರಿಸುವಂಥದು, ಇನ್ನೊಂದು ಎತ್ತರ ತೋರಿಸುವಂಥದು. ಬ್ಯಾಟರಿ ಎರಡಾಯಿತು. ಪೆಟ್ರೋಲ್ ಪಂಪು ಎರಡಾಯಿತು. ಎಂಜಿನ್ನಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಮೊದಲೇ ಎರಡಿತ್ತು. ಇಲ್ಲದಿದ್ದರೆ ಅದಕ್ಕೂ ಇನ್ನೊಂದು ಬರುತ್ತಿತ್ತು. ಆಮೇಲೆ ವೇಗ ಕಡಿಮೆಯಾದರೆ ಹೆಣ್ಣು ದನಿಯಲ್ಲಿ ಎಚ್ಚರಿಸುವ ಒಂದು ಯಂತ್ರ ಬಂತು. ಅದು ಗೋದಾಮಿನಲ್ಲಿ ನಿಂತಲ್ಲಿಯೇ "ವೇಗ ಸಾಲದು, ವೇಗ ಸಾಲದು" ಎಂದು ಇಂಗ್ಲಿಷಿನಲ್ಲಿ ಕೂಗುತ್ತಿತ್ತು.

"ಖರೇನ ಹೇಳಾಕತ್ತೈತಿ," ಅಂದಳು ದಾನೇಶ್ವರಿ.

ಗೈಬುಸಾಬ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. "ಅಣ್ಣಾರ, ನಾ ಕಟ್ಟಿದ್ದು ವಿಮಾನರಿ. ನೀವು ಇದನ್ನ ಮೊಬೈಲ್ ಅಂಗಡಿ ಮಾಡೀರಲ್ಲ."

"ನಿನಗೇನ ತಿಳೀತೈತಿ. ಇದರಾಗ ಕೂಡಾಂವ ನೀ ಅಲ್ಲ."

"ಕೂಡಾಂವ ನೀವೂ ಅಲ್ರಿ," ಅಂದ ಗೈಬುಸಾಬ.

ಹೀಗೆ ಒಂದು ಬೇಸಿಗೆ ಹೋಯಿತು. ಇನ್ನೊಂದೂ ಹೋಯಿತು, ಮೂರನೆಯದು ಬಂತು. ಪ್ರತಿ ಸಲ ದಾನೇಶ್ವರಿ "ಆತೇನ್ರಿ?" ಎಂದು ಕೇಳುವಳು. ಪ್ರತಿ ಸಲ ಅವನು "ಆತು, ಇದೊಂದು ಉಳದೈತಿ" ಎನ್ನುವನು. ಹೆದರಿದವನಿಗೆ ಉಳಿದದ್ದು ಯಾವಾಗಲೂ ಒಂದೇ ಇರುತ್ತದೆ. ಅದು ಮುಗಿದ ಮೇಲೆ ಮತ್ತೊಂದು.

ಕೊನೆಗೆ ಅವಳ ತಾಳ್ಮೆ ತೀರಿತು.

"ನೋಡ್ರಿ, ಈ ಮಳಿಗಾಲಕ್ಕ ಮುಂಚೆ ಇದು ಹಾರಲಿಲ್ಲ ಅಂದ್ರ, ರೆಕ್ಕಿ ಬಿಚ್ಚಿ ಗೈಬುಸಾಬಗ ಕೊಡ್ತೀನಿ. ಬಾಗಲಾ ಮಾಡ್ಕೊಳ್ಳಲಿ. ನಾ ಮತ್ತ ಬಸ್ ಹತ್ತತೀನಿ, ಇಲ್ಲಾ ಹಾರೂದನ್ನ ಬಿಡ್ತೀನಿ."

ಬಿಡುತ್ತೇನೆ ಎಂದವಳು ಬಿಡುವವಳೇ. ಅದು ಅವನಿಗೆ ಗೊತ್ತಿತ್ತು. ಹಾರುವುದನ್ನು ಬಿಟ್ಟ ದಾನೇಶ್ವರಿ ಹೇಗಿರುತ್ತಾಳೆಂದು ಯೋಚಿಸಲು ಅವನಿಗೆ ಇಷ್ಟವಿರಲಿಲ್ಲ. ಎರಡೇ ವಾರದಲ್ಲಿ ವೈರಿಂಗ್ ಮುಗಿಸಿದ.

ಮುಗಿಸಿದ ದಿನ ಅವಳನ್ನು ಕರೆದು ತೋರಿಸಿದ. ಎಲ್ಲ ತಂತಿಗಳನ್ನೂ ಜಡೆ ಹೆಣೆದಂತೆ ಕಟ್ಟಿದ್ದ. ಎಲ್ಲದಕ್ಕೂ ಬಣ್ಣ, ಎಲ್ಲದಕ್ಕೂ ಚೀಟಿ. ನಡುವೆ ಒಂದು ಕೆಂಪು ಸ್ವಿಚ್ಚು.

"ಇದು ಮೇನ್," ಅಂದ ಹೆಮ್ಮೆಯಿಂದ. "ಅದು ಹಚ್ಚೇನೋ, ಇದು ಬಿಟ್ಟೇನೋ ಅಂತ ನಿನಗ ತಲಿಬ್ಯಾನಿ ಬ್ಯಾಡ. ಎರಡೂ ಬ್ಯಾಟರಿ ಇದಕ್ಕ ಬರ್ತಾವು. ಇಲ್ಲಿಂದ ಎಲ್ಲಾ ಕಡೆ ಹೊಕ್ಕಾವು. ಇದೊಂದು ಒತ್ತಿದಿ ಅಂದ್ರ ಎಲ್ಲಾ ಚಾಲೂ."

"ಈಗ ಯಾವುದರ ಕೆಟ್ರೂ ನಡೀತೈತಿ?"

"ಯಾವುದರ ಕೆಡ್ಲಿ. ಇನ್ನೊಂದು ಐತಿ."

"ಹಂಗಾದ್ರ ಒಂದು ಕೆಡಸ್ತೀನಿ. ಒಂದೇ. ಎಂಜಿನ್ ಚಾಲೂ ಮಾಡ್ರಿ."

ಗೈಬುಸಾಬನನ್ನೂ ಕರೆದು ವಿಮಾನವನ್ನು ಹೊರಗೆ ತಳ್ಳಿದರು. ಗಾಲಿಗಳಿಗೆ ಕಲ್ಲು ಕೊಟ್ಟರು, ಬಾಲವನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿದರು. ಗಂಡ ಹೆಂಡತಿ ಒಳಗೆ ಕೂತರು. ಎಂಜಿನ್ ಹತ್ತಿಕೊಂಡಿತು. ಶಂಭುಲಿಂಗ ಉತ್ಸಾಹದಲ್ಲಿ ತಾನೇ ಒಂದು ಪರದೆಯ ತಂತಿ ಎಳೆದ. ಇನ್ನೊಂದು ಪರದೆ ಉರಿಯುತ್ತಲೇ ಇತ್ತು. ಒಂದು ಪಂಪು ಬಂದ್ ಮಾಡಿದ. ಎಂಜಿನ್ ಓಡುತ್ತಲೇ ಇತ್ತು. ಅವನ ಮುಖದಲ್ಲಿ ಎರಡು ವರ್ಷದ ಮೇಲೆ ನಗು ಬಂತು.

"ಇವೆಲ್ಲಾ ನೀವು ಕೆಡಿಸಿದ್ದು," ಅಂದಳು ದಾನೇಶ್ವರಿ. "ನಂದು ಇನ್ನೂ ಬಾಕಿ ಐತಿ."

ಕೈ ಚಾಚಿ ಕೆಂಪು ಸ್ವಿಚ್ಚನ್ನು ಕೆಳಗೆ ಒತ್ತಿದಳು.

ಎರಡು ಪರದೆಗಳೂ ಕಪ್ಪಾದವು. ಎರಡು ಪಂಪುಗಳೂ ನಿಂತವು. ಎರಡು ಪೆಟ್ಟಿಗೆಗಳಿಂದಲೂ ಕಿಡಿ ಹೋಯಿತು. ವಿಮಾನದ ಮೂತಿಯ ಪಂಖ ಒಮ್ಮೆ ತಡವರಿಸಿ ಸುಮ್ಮನಾಯಿತು. ರನ್‌ವೇ ಆಚೆಯ ಕಬ್ಬಿನಲ್ಲಿ ಗಾಳಿಯಾಡುವುದು ಕೇಳಿಸಿತು.

"ಅದನ್ಯಾಕ ಬಂದ್ ಮಾಡಿದಿ?" ಅಂದ ಶಂಭುಲಿಂಗ.

"ಬಂದ್ ಮಾಡಲಿಲ್ಲ. ಕೆಟ್ಟಿತು."

"ಅದು ಕೆಡೂದಿಲ್ಲ!"

"ಯಾಕ?"

"ಎಲ್ಲಾಕಿಂತ ಚಲೋ ಸ್ವಿಚ್ ಐತಿ ಅದು. ನಾ ಹಾಕಿದ ಮೇನ್ ಇವತ್ತಿನ ತನಕ ಒಂದೂ ಕೆಟ್ಟಿಲ್ಲ."

ಗೈಬುಸಾಬ ಕೆಮ್ಮಿದ. "ನಮ್ಮ ಮನ್ಯಾಗಿಂದು ಹ್ವಾದ ವಾರ ಸುಟ್ಟತಲ್ರಿ ಅಣ್ಣಾರ. ನೀವ ಬಂದು ಬದಲಿ ಮಾಡಿದ್ರಿ."

"ನೀ ಸುಮ್ನಿರಲೇ!"

ದಾನೇಶ್ವರಿ ಇಳಿದಳು. ಅವಳಿಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ದಣಿವಾಗಿತ್ತು. "ಎರಡು ಬ್ಯಾಟರಿ, ಎರಡು ಪರದೆ, ಎರಡು ಪಂಪ್ ಅಂತ ಎರಡು ವರ್ಷ ಹೇಳಿದ್ರಿ. ಎರಡಿರಲಿಲ್ರಿ. ಒಂದ ಸ್ವಿಚ್ ಇತ್ತು. ನನ್ನ ಜೀವ ಅದಕ್ಕ ನೇತಾಡತಿತ್ತು," ಎಂದು ಹೇಳಿ ಮನೆಗೆ ಹೋದಳು.

ಶಂಭುಲಿಂಗ ಸೀದಾ ಅಂಗಡಿಗೆ ಹೋಗಿ ಕೂತ. ಮಾಡಿದ ಕೆಲಸಕ್ಕೇ ಬೈಸಿಕೊಂಡೆನಲ್ಲ ಎಂದು ಒಳಗೊಳಗೇ ಕುದಿದ. ಅವಳಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಒಂದು ಗುಂಡಿ ಒತ್ತಿದರೆ ಸಾಕು ಎಂದು ಮಾಡಿದ್ದು ತಪ್ಪೇ? ಪ್ರತಿ ಮನೆಯಲ್ಲೂ ಹೀಗೆಯೇ ಮಾಡುತ್ತೇನೆ, ಎಲ್ಲರೂ ಹೊಗಳುತ್ತಾರೆ. ಹೀಗೆಲ್ಲ ತನ್ನಷ್ಟಕ್ಕೆ ವಾದ ಮಾಡುತ್ತಿದ್ದಾಗ ಫೋನ್ ಬಂತು. ಪಕ್ಕದ ಓಣಿಯ ಒಬ್ಬ ಹೆಣ್ಣುಮಗಳು. ಅಡುಗೆಮನೆಯ ಬೋರ್ಡಿನಿಂದ ಹೊಗೆ ಬರುತ್ತಿದೆ ಎಂದು ಗಾಬರಿಯಿಂದ ಹೇಳಿದಳು.

"ಅಕ್ಕಾರ, ಹೆದರಬ್ಯಾಡ್ರಿ," ಅಂದ ಶಂಭುಲಿಂಗ. "ಮೊದಲ ಮೇನ್ ಬಂದ್ ಮಾಡ್ರಿ. ಹುಡುಗರನ್ನ ಕರ್ಕೊಂಡು ಹೊರಗ ಬಂದು ನಿಂದರ್ರಿ. ನಾ ಬಂದೆ."

ಚೀಲ ಎತ್ತಿಕೊಂಡು ಎದ್ದವನು ಹಾಗೆಯೇ ನಿಂತ.

ಮನೆಯಲ್ಲಿ ಹೆದರಬೇಕಾದ್ದು ಕರೆಂಟು ಇದ್ದರೆ. ಹೋದರೆ ಹೆದರಿಕೆಯಿಲ್ಲ. ಕತ್ತಲಾಗುತ್ತದೆ ಅಷ್ಟೇ, ಒಂದು ಮೇಣದಬತ್ತಿ ಹಚ್ಚಿದರಾಯಿತು. ಅದಕ್ಕೇ ಮನೆಗೆ ಒಂದು ಮೇನ್ ಇರುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಬಂದ್ ಮಾಡಿ ಹೊರಗೆ ಬಂದು ನಿಲ್ಲಲಿ ಎಂದು. ವಿಮಾನದಲ್ಲಿ ಅವಳು ಎಲ್ಲವನ್ನೂ ಬಂದ್ ಮಾಡಿ ಯಾವ ಹೊರಗೆ ಬಂದು ನಿಲ್ಲಬೇಕು?

ಇಷ್ಟು ವರ್ಷ ಅವನು ಆಕಾಶದಲ್ಲಿ ಹಾರುವ ಒಂದು ಮನೆಗೆ ವೈರಿಂಗ್ ಮಾಡಿದ್ದ.

ಹೊಗೆಯ ಬೋರ್ಡನ್ನು ಸರಿಮಾಡಿ ಗೋದಾಮಿಗೆ ಹೋದ. ಜಡೆಯಂತೆ ಹೆಣೆದ ತಂತಿಗಳನ್ನೆಲ್ಲ ಬಿಚ್ಚಿದ. ದಾನೇಶ್ವರಿಯನ್ನು ಕರೆಸಿ ಪೈಲಟ್ಟಿನ ಸೀಟಿನಲ್ಲಿ ಕೂರಿಸಿದ. ಈ ಸಲ ಅವನು ಹೇಳಲಿಲ್ಲ, ಕೇಳಿದ.

"ಮ್ಯಾಲ ಹೋದ ಮ್ಯಾಲ ಏನಿರಲಿಲ್ಲ ಅಂದ್ರ ನೀ ವಾಪಸ್ ಬರೂದಿಲ್ಲ?"

"ಎಂಜಿನ್."

"ಆಮ್ಯಾಲ?"

"ವೇಗ ಎಷ್ಟೈತಿ ಅಂತ ಗೊತ್ತಾಗಬೇಕು. ಎತ್ತರ ಗೊತ್ತಾದ್ರ ಚಲೋ. ಉಳದದ್ದಕ್ಕ ಕಿಡಕಿ ಐತಿ."

"ದಿಕ್ಕು ತೋರಸೂ ಪರದೆ?"

"ಘಟಪ್ರಭಾ ನನಗ ಕಾಣೂದಿಲ್ಲೇನ್ರಿ?"

"ಆ ಹೆಣ್ಣಿನ ದನಿ?"

"ಮನ್ಯಾಗ ನಿಮ್ಮ ಅವ್ವನ ದನಿ ಸಾಕು."

ಎಂಜಿನ್ನಿನ ಒಂದು ಕಿಡಿ ಪೆಟ್ಟಿಗೆಗೆ ಒಂದು ಬ್ಯಾಟರಿಯಿಂದ ನೇರ ತಂತಿ ಹೋಯಿತು, ಅದಕ್ಕೇ ಒಂದು ಸ್ವಿಚ್ಚು. ಇನ್ನೊಂದು ಪೆಟ್ಟಿಗೆಗೆ ಇನ್ನೊಂದು ಬ್ಯಾಟರಿ, ಇನ್ನೊಂದು ದಾರಿ, ಇನ್ನೊಂದು ಸ್ವಿಚ್ಚು. ಪಂಪುಗಳಿಗೂ ಹಾಗೆಯೇ. ಡಬ್ಬಿಯಲ್ಲಿದ್ದ ಮುಳ್ಳಿನ ಗಡಿಯಾರಗಳು ಅವಳ ಕಣ್ಣಿನ ಮುಂದೆ ಬಂದವು. ಒಂದು ಪರದೆ ಉಳಿಯಿತು, ಇನ್ನೊಂದು ಅಂಗಡಿಗೆ ಹೋಯಿತು. ಕೆಂಪು ಸ್ವಿಚ್ಚು ಪರದೆ, ರೇಡಿಯೋ, ದೀಪಗಳಿಗೆ ಮಾತ್ರ ಯಜಮಾನನಾಯಿತು. ಮಾತಾಡುವ ಯಂತ್ರವನ್ನು ಗೈಬುಸಾಬ ತನ್ನ ಮಗ ಬೈಕ್ ಓಡಿಸುವುದಕ್ಕೆ ಬೇಕೆಂದು ಕೇಳಿದ. ವೇಗ ಸಾಲದು ಎಂದು ಆ ಹುಡುಗನಿಗೆ ಹೇಳುವ ಅಗತ್ಯವಿಲ್ಲವೆಂದು ದಾನೇಶ್ವರಿ ಕೊಡಲಿಲ್ಲ.

ಇನ್ನೊಮ್ಮೆ ಎಂಜಿನ್ ಹಚ್ಚಿದರು. ಅವಳು ಒಂದೊಂದಾಗಿ ಕೆಡಿಸಿದಳು. ಕೆಟ್ಟದ್ದು ಕೆಟ್ಟಿತು. ಉಳಿದದ್ದು ಉಳಿಯಿತು. ತಪಾಸಣೆಗೆ ಬಂದ ಅಧಿಕಾರಿ ಸಹಿ ಹಾಕಿದ.

ಮಳೆಗೆ ಇನ್ನೂ ಒಂದು ವಾರವಿದ್ದಾಗ ಒಂದು ಮುಂಜಾನೆ ದಾನೇಶ್ವರಿ ಒಬ್ಬಳೇ ಹಾರಿದಳು. ಮೊದಲ ಹಾರಾಟದಲ್ಲಿ ಇನ್ನೊಬ್ಬರನ್ನು ಕೂರಿಸುವಂತಿಲ್ಲ. ಶಂಭುಲಿಂಗ ರನ್‌ವೇ ಪಕ್ಕದಲ್ಲಿ ಗೈಬುಸಾಬನ ಜೊತೆ ಸಣ್ಣ ರೇಡಿಯೋ ಹಿಡಿದು ನಿಂತಿದ್ದ.

"ಮ್ಯಾಲ ಬಂದೀನಿ," ಅಂದಿತು ರೇಡಿಯೋ. "ಕಾರ್ಖಾನಿ ಚಿಮಣಿ ಎಡಕ್ಕ ಐತಿ. ಎಲ್ಲಾ ಚಲೋ..."

ಅಷ್ಟಕ್ಕೇ ಕಟ್ ಆಯಿತು.

"ದಾನೇಶ್ವರಿ? ಕೇಳಸ್ತೈತೇನ? ದಾನೇಶ್ವರಿ!"

ಉತ್ತರವಿಲ್ಲ. ಕಪ್ಪಾದ ಪರದೆಗಳು, ತಡವರಿಸಿ ನಿಂತ ಪಂಖ ಶಂಭುಲಿಂಗನ ಕಣ್ಣಿಗೆ ಕಟ್ಟಿದವು. ಸೂರ್ಯನ ಕಡೆಗೆ ಹೋದ ವಿಮಾನ ಕಾಣುತ್ತಿರಲಿಲ್ಲ. ರೇಡಿಯೋದಲ್ಲಿ ಕೂಗಿಯೇ ಕೂಗಿದ.

ಗೈಬುಸಾಬ ಅವನ ಕೈಯಿಂದ ರೇಡಿಯೋ ಕಸಿದುಕೊಂಡ. "ಒದರೂದು ಬಿಡ್ರಿ ಅಣ್ಣಾರ. ಕೇಳ್ರಿ."

ಕೇಳಿದ. ದೂರದಲ್ಲಿ ಎಂಜಿನ್ನಿನ ಸದ್ದು ಏರಿಳಿತವಿಲ್ಲದೆ ಬರುತ್ತಿತ್ತು. ಆಮೇಲೆ ಕಬ್ಬಿನ ಮೇಲೆ ಒಂದು ಚುಕ್ಕೆ ಕಂಡಿತು, ಅದಕ್ಕೆ ರೆಕ್ಕೆ ಮೂಡಿತು. ವಿಮಾನ ಕಾರ್ಖಾನೆಯನ್ನು ಬಳಸಿ ಬಂದು, ನೇರವಾಗಿ, ನಿಧಾನವಾಗಿ ಇಳಿದು, ಒಂದು ಸಲ ಪುಟಿದು ಓಡಿ ನಿಂತಿತು.

ದಾನೇಶ್ವರಿ ಬಾಗಿಲು ತೆರೆದಳು. ಕೂದಲು ಕೆದರಿತ್ತು. ಅಷ್ಟು ನಗುವ ಮುಖವನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ.

"ರೇಡಿಯೋ ಸತ್ತಿತು," ಅಂದಳು.

"ಆಮ್ಯಾಲ ಏನಾತು?"

"ಏನೂ ಆಗಲಿಲ್ಲ. ರೇಡಿಯೋ ಸತ್ತಿತು ಅಷ್ಟ. ಸುತ್ತ ಹೊಡದು ಬಂದೆ."

ಶಂಭುಲಿಂಗ ಒಳಗೆ ತಲೆಹಾಕಿ ನೋಡಿದ. ಅಲುಗಾಟಕ್ಕೆ ರೇಡಿಯೋದ ಹಿಂದಿನ ಪ್ಲಗ್ ಸಡಿಲವಾಗಿತ್ತು. ಸೀಟಿನ ಅಂಚು ಹಿಡಿದು ಉಸಿರು ಬಿಟ್ಟ. ಆಮೇಲೆ ಬಾಯಿ ತೆರೆದ.

"ಇನ್ನೊಂದು ರೇಡಿಯೋ ಹಾಕೋಣು."

ಗೈಬುಸಾಬ ತಲೆಯ ಮೇಲೆ ಕೈಹೊತ್ತು ರನ್‌ವೇ ಮೇಲೆಯೇ ಕೂತುಬಿಟ್ಟ.

"ಹಾಕ್ರಿ," ಅಂದಳು ದಾನೇಶ್ವರಿ. "ಆದ್ರ ಮೊದಲ ಒಂದು ಹೇಳ್ರಿ. ಅದು ಸತ್ತರ ಅದರ ಜೋಡಿ ಇನ್ನೇನ ಸಾಯ್ತೈತಿ?"

ಶಂಭುಲಿಂಗ ಮಂಡಿಯೂರಿ, ಹೊಸ ರೇಡಿಯೋದ ತಂತಿ ಎಲ್ಲಿಂದ ಬರಬೇಕು, ಎಲ್ಲಿ ಯಾವುದನ್ನು ಮುಟ್ಟುತ್ತದೆ ಎಂದು ಬೆರಳಿನಿಂದ ದಾರಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

"ಏನೂ ಸಾಯೂದಿಲ್ಲ," ಅಂದ ಕೊನೆಗೆ.

"ಹಂಗಾದ್ರ ನಾಳೆ ಹಾಕ್ರಿ. ಈಗ ಆ ಪ್ಲಗ್ ಬಿಗಿ ಮಾಡಿ ಈ ಕಡೆ ಸರೀರಿ. ಇನ್ನೊಂದು ಸುತ್ತ ಹೋಗಿ ಬರ್ತೀನಿ."

ನೀತಿ: ಹೆದರಿಕೆ ಒಂದರ ಪಕ್ಕ ಇನ್ನೊಂದನ್ನು ತಂದಿಟ್ಟು ಸಮಾಧಾನಪಡುತ್ತದೆ. ಎರಡೂ ಒಂದೇ ಕಡೆ ನೇತಾಡುತ್ತಿದ್ದರೆ ನಮ್ಮ ಬಳಿ ಇರುವುದು ಒಂದೇ. ನಾವು ಪ್ರೀತಿಸುವವರಿಗಾಗಿ ಏನನ್ನಾದರೂ ಸೇರಿಸುವ ಮುನ್ನ, ಇದು ಕೆಟ್ಟರೆ ಇದರ ಜೊತೆ ಇನ್ನೇನು ಕೆಡುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಕ್ಕಿದ ಮೇಲೆ ಅವರನ್ನು ಹಾರಲು ಬಿಡಬೇಕು.